ಕಂಪ್ಯೂಟರ್ ಹೋಗ್ಯಾದ ಅಂದ್ರ ರೊಕ್ಕ ಬಿಚ್ಚಬ್ಯಾಡ್ರಿ

ಅಕ್ಕಗಳ್ರಾ, ಹಳೀ ಗಾಡಿ ಚಾಲೂ ಆಗ್ಲಿಲ್ಲಂದ್ರ ಈಗಿನ ಮಿಸ್ತ್ರಿಗಳದು ಒಂದೇ ಮಾತು: "ಇಸಿಎಂ ಹೋಗ್ಯಾದ, ಬದಲಿ ಮಾಡ್ಬೇಕು." ಇಂಜಿನ್ನಿಗೆ ಯಾವಾಗ, ಎಷ್ಟು ಡೀಸೆಲ್ ಬಿಡಬೇಕಂತ ಹೇಳೋ ಕಂಪ್ಯೂಟರ್ ಡಬ್ಬಿ ಅದು. ಕೆಡಂಗಿಲ್ಲ ಅಂತಲ್ಲ, ನೀರು ಹೊಕ್ಕರ ಕೆಡ್ತದ. ಆದ್ರ ಬ್ಯಾಟ್ರಿ ಇಳಿದ್ರೂ, ರಿಲೇ ಹೋದ್ರೂ, ಇಲಿ ವೈರ್ ಕಡಿದ್ರೂ ಗಾಡಿ ಹಂಗೇ ಮಾಡ್ತದ. ಅಷ್ಟೂರದಾಗ ಹೊಲದ ಮಗ್ಗಲಕ್ಕೇ ಗಾಡಿ ನಿಲ್ಲಸ್ತೀವಿ, ಇಲಿಗೇನು ಬರ ಅದ?

ನಮ್ಮ ಗಾಡಿ ಬೀದರಕ್ಕ ಎಳಕೊಂಡು ಹೋದಾಗೂ ಇದೇ ಹಾಡು. "ಮೊದ್ಲ ಡಬ್ಬಿಗೆ 12 ವೋಲ್ಟ್ ಬರ್ತದೇನು ತೋರಸ್ರಿ" ಅಂದೆ. "ನಿಮಗೇನ್ ತಿಳೀತದ ಬಾಯಿ" ಅಂದ. ತೊಗರಿ ಮಾರಿದ ರೊಕ್ಕ ಎಣಿಸಿ ಕೊಡಾಕ ನಾವು ಬೇಕು, ಕೇಳಾಕ ಬ್ಯಾಡೇನು? ಮೀಟರ್ ಹಚ್ಚಿದ್ರ ಅರ್ಥಿಂಗ್ ವೈರ್ ಜಂಗ್ ತಿಂದಿತ್ತು. ತಿಕ್ಕಿ ಬಿಗಿ ಮಾಡಿದ್ರು, ಸಂಜೀಕ ಗಾಡಿ ಮನಿಗೆ ಬಂತು.

ಖರೇನೇ ಡಬ್ಬಿ ಹೋಗಿದ್ರ ಹಳೇದರ ನಂಬರಿನದೇ ಹಾಕಸ್ರಿ. ಚಾವಿದಾಗ ಚಿಪ್ ಇದ್ರ ಹೊಸ ಡಬ್ಬಿಗೆ ಆ ಚಾವಿ ಗುರ್ತು ಹಿಡಸಬೇಕಾಗ್ತದ, ಇಲ್ಲಂದ್ರ ಇಂಜಿನ್ ಏಳಂಗಿಲ್ಲ. ಆ ಖರ್ಚೂ ಮೊದ್ಲೇ ಕೇಳ್ರಿ. ಹಳೇ ಡಬ್ಬಿ ರಿಪೇರಿನೂ ಆಗ್ತದ, ಅವರ ಹತ್ರ ಬಿಟ್ಟು ಬರಬ್ಯಾಡ್ರಿ.