ಬವೇರಿಯಾದ ಬಿಯರ್ ಮನೆಗಳೂ ನಮ್ಮ ಕಾಫಿ ಕಣವೂ



ಶನಿವಾರ ಭಾನುವಾರ ಬಂದರೆ ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಘಟ್ಟದ ರಸ್ತೆಗಳಲ್ಲಿ ಕಾರುಗಳ ಸಾಲು. ರಸ್ತೆಯ ಎರಡೂ ಬದಿಗೆ ಕಾಫಿ ತೋಟವನ್ನು ನೋಡುತ್ತ ಬರುವ ಈ ಪೇಟೆಯ ಜನ, ದಾರಿಯಲ್ಲಿ ಇಳಿದು ಕುಡಿಯುವುದು ಮಾತ್ರ ಎಲ್ಲಿಂದಲೋ ಬಂದ ಪೊಟ್ಟಣದ ಪುಡಿಯ ಕಾಫಿಯನ್ನು. ತೋಟದ ಮನೆಯಲ್ಲೇ ಉಳಿದುಕೊಂಡವರಿಗೂ ಎಷ್ಟೋ ಕಡೆ ಇದೇ ಗತಿ. ಬೇಲಿಯಾಚೆ ಹಣ್ಣು ಕೆಂಪಗೆ ತೂಗುತ್ತಿರುತ್ತದೆ, ಲೋಟದಲ್ಲಿ ಇರುವುದು ಬೇರೆ ಯಾರದೋ ಸರಕು. ಇದರಲ್ಲಿ ಬಂದವರ ತಪ್ಪೇನೂ ಇಲ್ಲ. ಕೇಳಿದರೂ ಕೊಡುವ ಏರ್ಪಾಡು ನಮ್ಮಲ್ಲಿಲ್ಲ. ಇಂಥ ಏರ್ಪಾಡನ್ನು ಆರು ನೂರು ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದ ಕೆಲವು ಹಳ್ಳಿಗಳು ಜರ್ಮನಿಯ ಬವೇರಿಯಾ ರಾಜ್ಯದಲ್ಲಿವೆ. ಅವರದು ಕಾಫಿಯಲ್ಲ, ಬಿಯರು. ಆದರೂ ಅವರ ಕ್ರಮವನ್ನು ನಮ್ಮ ಸದಸ್ಯರು ತಿಳಿಯಬೇಕೆಂದು ಈ ಬರಹ.

ಮೊದಲಿಗೇ ಒಂದು ಮಾತು. ಇದು ಕುಡಿತದ ಪ್ರಚಾರವಲ್ಲ. ನಮ್ಮ ಓದುಗರಲ್ಲಿ ಮದ್ಯವನ್ನು ಮುಟ್ಟದ ಮನೆಗಳು ಬಹಳ. ಕುಡಿತದಿಂದ ತೋಟ ಕಳೆದುಕೊಂಡ ಸಂಸಾರಗಳನ್ನೂ ನಾವು ಕಂಡಿದ್ದೇವೆ. ಮಗ ಕೆಲಸದಲ್ಲಿರುವ ಎರ್ಲಾಂಗೆನ್ ಪಟ್ಟಣಕ್ಕೆ ಹೋಗಿದ್ದಾಗ ಅಲ್ಲಿಂದ ಐದು ದಿನ ಕಾರಿನಲ್ಲಿ ಸುತ್ತಿದೆವು. ಕಾರು ನಡೆಸಿದವನು ಸೇಬಿನ ರಸವನ್ನಷ್ಟೇ ಕುಡಿದ. ಒಟ್ಟು ದಾರಿ ಹೆಚ್ಚು ಕಡಿಮೆ ಮಂಗಳೂರಿನಿಂದ ಬೆಂಗಳೂರಿಗೆ ಹೋದಷ್ಟು. ಬೆಂಗಳೂರಿನಲ್ಲಿ ಈಗ ಇರುವ ಗಾಜಿನ ಗೋಡೆಯ ಬಿಯರ್ ಮನೆಗಳನ್ನು ನೆನೆದುಕೊಂಡು ಅಲ್ಲಿಗೆ ಹೋದವನಿಗೆ ಆಶ್ಚರ್ಯವಾಗುತ್ತದೆ. ಅಲ್ಲಿಯವು ಮುಕ್ಕಾಲು ಪಾಲು ನಮ್ಮ ತೊಟ್ಟಿ ಮನೆಗಳಂಥವು. ಅಜ್ಜಿ, ಮೊಮ್ಮಗು, ಟ್ರಾಕ್ಟರ್ ಇಳಿದು ಬಂದ ರೈತ, ಎಲ್ಲರೂ ಒಂದೇ ಉದ್ದನೆಯ ಮೇಜಿಗೆ ಕೂರುವ ಜಾಗಗಳು.

ನ್ಯೂರೆಂಬರ್ಗ್ ನಗರದ ದಕ್ಷಿಣಕ್ಕೆ ಸ್ಪಾಲ್ಟ್ ಎಂಬ ಸಣ್ಣ ಊರಿದೆ. ಅದು ಹಾಪ್ ಬೆಳೆಯ ಊರು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವೇ ಹಾಪ್. ಏಳು ಮೀಟರ್ ಎತ್ತರದ ಕಂಬ ನೆಟ್ಟು, ತಂತಿ ಇಳಿಬಿಟ್ಟು, ಅದರ ಮೇಲೆ ಬಳ್ಳಿ ಹಬ್ಬಿಸುತ್ತಾರೆ. ದೂರದಿಂದ ನೋಡಿದರೆ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ತೋಟವೇ ಸರಿ. ವ್ಯತ್ಯಾಸವೆಂದರೆ ಈ ಬಳ್ಳಿ ಪ್ರತಿ ವರ್ಷ ಬುಡದಿಂದ ಹೊಸದಾಗಿ ಎದ್ದು ಬರುತ್ತದೆ, ಆಗಸ್ಟ್ ಕೊನೆಗೆ ಕೊಯ್ಲಿಗೆ ಸಿದ್ಧವಾಗುತ್ತದೆ. ಕೊಯ್ದ ಹೂವನ್ನು ಒಣಗಿಸಲೆಂದೇ ಕಡಿದಾದ ಎತ್ತರದ ಮಾಡು, ಮಾಡಿನಲ್ಲಿ ಸಾಲು ಸಾಲು ಗಾಳಿಗಂಡಿ ಇಟ್ಟು ಕಟ್ಟಿದ ಹಳೆಯ ಮನೆಗಳು ಇನ್ನೂ ನಿಂತಿವೆ. ತಮ್ಮ ಸರಕು ಬೇರೆಯವರ ಸರಕಿನೊಡನೆ ಬೆರೆಯಬಾರದೆಂದು ಸ್ಪಾಲ್ಟಿನವರು 1538ರಲ್ಲೇ ಹಾಪ್ ಮೂಟೆಗೆ ಊರಿನ ಮುದ್ರೆ ಒತ್ತುವ ಹಕ್ಕನ್ನು ಪಡೆದಿದ್ದರು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಊರಿನ ಬಿಯರ್ ಕಾರ್ಖಾನೆ ಇಂದಿಗೂ ಯಾವ ಸಾಹುಕಾರನದೂ ಅಲ್ಲ, ಪುರಸಭೆಯದು. ಬೆಳೆಯೂ ಊರಿನದು, ಪಾನೀಯವೂ ಊರಿನದು.

ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕವನ್ನೂ ಇಟ್ಟು ನೋಡಬೇಕು. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಹಾಪ್ ಬೆಳೆಗಾರ ಕುಟುಂಬಗಳಿದ್ದವು. ಇಂದು ಇಡೀ ಜರ್ಮನಿಯಲ್ಲಿ ಉಳಿದಿರುವುದು ಸುಮಾರು ಒಂದು ಸಾವಿರ. ಬೆಳೆ ಕಡಿಮೆಯಾಯಿತೆಂದು ತಿಳಿಯಬೇಡಿ. ಈಗಲೂ ಸುಮಾರು 20,000 ಹೆಕ್ಟೇರಿನಲ್ಲಿ ಹಾಪ್ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಹಾಪ್ ಬೆಳೆಯುವ ದೇಶಗಳಲ್ಲಿ ಜರ್ಮನಿ ಒಂದು. ತೋಟ ಉಳಿಯಿತು, ತೋಟದವರು ಹೋದರು. ಸಣ್ಣ ಹಿಡುವಳಿದಾರನಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕೇ? ಬರಿಯ ಮೂಟೆ ಮಾರುವವನು ಎಕರೆ ಹೆಚ್ಚಿಸಿಕೊಂಡು ದೊಡ್ಡವನಾಗಬೇಕು, ಇಲ್ಲವೇ ಬದಿಗೆ ಸರಿಯಬೇಕು. ಮೂರನೆಯ ದಾರಿಯೊಂದಿದೆ, ಮೂಟೆಯ ಮುಂದಿನ ಹೆಜ್ಜೆಯನ್ನೂ ತಾನೇ ಇಡುವುದು. ಅದನ್ನು ಹಿಡಿದವರನ್ನು ನೋಡಲೆಂದೇ ನಾವು ಉತ್ತರಕ್ಕೆ ತಿರುಗಿದೆವು.

ಬಾಂಬೆರ್ಗ್ ನಗರದ ಹಳೆಯ ಪೇಟೆ 1993ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ಶ್ಲೆಂಕೆರ್ಲಾ ಮತ್ತು ಸ್ಪೆಟ್ಸಿಯಾಲ್ ಎಂಬ ಎರಡು ಹಳೆಯ ಮನೆಗಳು ಹೊಗೆಯ ಬಿಯರಿಗೆ ಹೆಸರಾದವು. ಮೊಳಕೆ ಬರಿಸಿದ ಬಾರ್ಲಿಯನ್ನು ಅವರು ಇಂದಿಗೂ ಬೀಚ್ ಮರದ ಬೆಂಕಿಯಲ್ಲಿ ಒಣಗಿಸುತ್ತಾರೆ. ಹಿಂದೆ ಬೆಂಕಿಯಲ್ಲಿ ಒಣಗಿಸುವ ಕಡೆಯಲ್ಲೆಲ್ಲ ಹೊಗೆಯ ವಾಸನೆ ತಪ್ಪುತ್ತಿರಲಿಲ್ಲ. ಹೊಗೆ ತಾಗದ ಒಲೆಗಳು ಬಂದ ಮೇಲೆ ಉಳಿದವರು ಅದನ್ನು ದೋಷವೆಂದು ಬಿಟ್ಟರು. ಈ ಎರಡು ಮನೆಯವರು ಬಿಡಲಿಲ್ಲ. ಈಗ ಆ ದೋಷವನ್ನೇ ಹುಡುಕಿಕೊಂಡು ದೇಶ ವಿದೇಶದ ಜನ ಬರುತ್ತಾರೆ. ನಮಗೆ ಇದು ಹೊಸ ಕಥೆಯೇನಲ್ಲ. ಹಾಯಿ ಹಡಗಿನ ಕಾಲದಲ್ಲಿ ಕಡಲ ಗಾಳಿಗೆ ಉಬ್ಬಿ ಬಣ್ಣಗೆಟ್ಟ ನಮ್ಮ ಕಾಫಿಗೆ ಯೂರೋಪಿನವರು ಮನಸೋತರು; ಹಡಗು ಬದಲಾಗಿ ಆ ರುಚಿ ತಪ್ಪಿದಾಗ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಳಿಗೆ ಹರವಿ ಅದೇ ರುಚಿ ತರಿಸಬೇಕಾಯಿತು. ಮಾನ್ಸೂನ್ಡ್ ಮಲಬಾರ್ ಹುಟ್ಟಿದ್ದು ಹಾಗೆ. ಊರಿನ ಗುಣ ಊರಿನವರಿಗೆ ಕೊರತೆಯಾಗಿ ಕಾಣುವುದುಂಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಬಾಂಬೆರ್ಗಿನಿಂದ ಪೂರ್ವಕ್ಕೆ ಗುಡ್ಡಗಳ ನಡುವೆ ಔಫ್ಸೆಸ್ ಎಂಬ ಗ್ರಾಮ ಪಂಚಾಯಿತಿ. ಜನಸಂಖ್ಯೆ ಒಂದೂವರೆ ಸಾವಿರವೂ ಇಲ್ಲ, ಬಿಯರ್ ಮನೆಗಳು ನಾಲ್ಕು. ತಲೆಯೆಣಿಕೆಗೆ ಅತಿ ಹೆಚ್ಚು ಬ್ರೂವರಿಗಳಿರುವ ಜಾಗವೆಂದು 2000ದಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಇಷ್ಟು ಹತ್ತಿರ ನಾಲ್ವರು ಒಂದೇ ವ್ಯಾಪಾರಕ್ಕೆ ಕುಳಿತರೆ ಒಬ್ಬರನ್ನೊಬ್ಬರು ತಿಂದು ಹಾಕಬೇಕಲ್ಲವೇ? ಅವರು ಮಾಡಿದ್ದೇ ಬೇರೆ. ನಾಲ್ಕೂ ಮನೆಗಳನ್ನು ಜೋಡಿಸಿ, ಹೊಲ ಕಾಡುಗಳ ನಡುವೆ ಹದಿನಾಲ್ಕು ಕಿಲೋಮೀಟರಿನಷ್ಟು ಕಾಲುದಾರಿಗೆ ಗುರುತು ಹಾಕಿದ್ದಾರೆ. ಒಂದು ಮನೆಗಾಗಿ ಯಾರೂ ಅಷ್ಟು ದೂರ ಬರಲಾರರು; ನಾಲ್ಕು ಮನೆ, ಒಂದು ದಿನದ ನಡಿಗೆ ಎಂದರೆ ಬರುತ್ತಾರೆ. ಪಕ್ಕದ ತೋಟದವನು ನಮ್ಮ ಪೈಪೋಟಿದಾರನಲ್ಲ, ನಮ್ಮ ಬಾಗಿಲಿಗೆ ಗಿರಾಕಿಯನ್ನು ತರುವವನು ಎಂಬ ಲೆಕ್ಕಾಚಾರ ನಮ್ಮವರಿಗೆ ಇನ್ನೂ ಒಗ್ಗಿಲ್ಲ.

ಸಹಕಾರಿಗಳಾದ ನಾವು ಹೆಚ್ಚು ಗಮನಿಸಬೇಕಾದದ್ದು ಇನ್ನೂ ಪೂರ್ವಕ್ಕೆ, ಚೆಕ್ ಗಡಿಯ ಹತ್ತಿರ, ಒಬರ್‌ಪ್ಫಾಲ್ಟ್ಸ್ ಎಂಬ ಸೀಮೆಯಲ್ಲಿದೆ. ಅಲ್ಲಿಯ ಬಿಯರಿಗೆ ಝೋಯ್ಗಲ್ ಎಂದು ಹೆಸರು. ನಾಯ್‌ಹೌಸಿಗೆ 1415ರಲ್ಲಿ, ಪಕ್ಕದ ವಿಂಡಿಶೆಶೆನ್‌ಬಾಖಿಗೆ 1455ರಲ್ಲಿ ಬಿಯರ್ ಕಾಸುವ ಹಕ್ಕು ಸಿಕ್ಕಿತು. ಈ ಹಕ್ಕು ಮನುಷ್ಯನಿಗಲ್ಲ, ಮನೆಗೆ ಅಂಟಿಕೊಂಡದ್ದು. ಹಕ್ಕುಳ್ಳ ಮನೆಗಳಿಗೆಲ್ಲ ಸೇರಿ ಊರಿಗೊಂದೇ ಒಲೆಮನೆ. ಸರದಿ ಬಂದ ಮನೆಯವರು ತಮ್ಮ ಮಾಲ್ಟು, ತಮ್ಮ ಹಾಪ್ ತಂದು, ಸೌದೆ ಉರಿ ಹಾಕಿ ಕುದಿಸುತ್ತಾರೆ. ಕುದಿಸಿದ ಸಿಹಿ ಕಷಾಯವು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯೆಲ್ಲ ಆರುತ್ತದೆ. ಬೆಳಗ್ಗೆ ಅದನ್ನು ತಮ್ಮ ತಮ್ಮ ನೆಲಮಾಳಿಗೆಗೆ ಒಯ್ದು, ಯೀಸ್ಟು ಬೆರೆಸಿ, ವಾರಗಟ್ಟಲೆ ತಂಪಿನಲ್ಲಿ ಮಾಗಿಸುತ್ತಾರೆ. ಒಲೆಮನೆ ಬಳಸಿದ್ದಕ್ಕೆ ಒಂದು ಬಾಡಿಗೆ ಕೊಡುತ್ತಾರೆ. ಹಂಡೆಯ ಹಣವೆಂದು ಅದಕ್ಕೆ ಹೆಸರು. ಒಲೆ ಒಂದೇ ಆದರೂ ಒಂದು ಮನೆಯ ಬಿಯರು ಇನ್ನೊಂದು ಮನೆಯದರಂತಿಲ್ಲ. ಮಾಳಿಗೆ ಬೇರೆ, ಕೈಗುಣ ಬೇರೆ.

ಬಿಯರು ಹದಕ್ಕೆ ಬಂದ ಮನೆಯವರು ಬಾಗಿಲಿಗೆ ಆರು ಮೂಲೆಯ ನಕ್ಷತ್ರವೊಂದನ್ನು ತೂಗುಹಾಕುತ್ತಾರೆ. ಎರಡು ತ್ರಿಕೋನ ಸೇರಿ ಆದ ನಕ್ಷತ್ರ ಅದು: ಒಂದು ತ್ರಿಕೋನ ಬೆಂಕಿ, ನೀರು, ಗಾಳಿ, ಇನ್ನೊಂದು ನೀರು, ಮಾಲ್ಟು, ಹಾಪ್ ಎಂದು ವಿವರಣೆ ಹೇಳುತ್ತಾರೆ. ಝೋಯ್ಗಲ್ ಎಂದರೇ ಗುರುತು ಎಂದರ್ಥ. ಯಾವ ವಾರ ಯಾವ ಮನೆಯ ಸರದಿಯೆಂದು ವರ್ಷದ ಪಂಚಾಂಗವೇ ಅಚ್ಚಾಗುತ್ತದೆ. ಸರದಿಯ ದಿನಗಳಲ್ಲಿ ಮನೆಯವರೇ ಬಡಿಸುತ್ತಾರೆ, ಜೊತೆಗೆ ರೊಟ್ಟಿ, ಮನೆಯಲ್ಲಿ ಮಾಡಿದ ತಿನಿಸು. ಸರದಿ ಮುಗಿದರೆ ನಕ್ಷತ್ರ ಒಳಗೆ, ಮನೆಯವರು ತಮ್ಮ ಕೆಲಸಕ್ಕೆ. ಯಾರೂ ವರ್ಷವಿಡೀ ಹೋಟೆಲು ನಡೆಸಬೇಕಾಗಿಲ್ಲ, ಆದರೂ ಬಂದವನು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಈ ಪದ್ಧತಿ 2018ರಲ್ಲಿ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿ ಎಲ್ಲವೂ ಚಿನ್ನವೆಂದು ನಾನು ಹೇಳಲಾರೆ. ಹಿಂದೆ ಆ ಸೀಮೆಯ ಹತ್ತಾರು ಊರುಗಳಲ್ಲಿದ್ದ ಸಾಮುದಾಯಿಕ ಒಲೆಮನೆಗಳು ಈಗ ಐದೇ ಊರುಗಳಲ್ಲಿ ಉಳಿದಿವೆ: ಈ ಎರಡರ ಜೊತೆಗೆ ಮಿಟ್ಟರ್‌ಟೈಖ್, ಫಾಲ್ಕೆನ್‌ಬರ್ಗ್ ಮತ್ತು ಎಸ್ಲಾರ್ನ್. ಝೋಯ್ಗಲ್‌ಗೆ ಹೆಸರು ಬಂದದ್ದೇ ತಡ, ಕಾರ್ಖಾನೆಗಳು ಅದೇ ಹೆಸರನ್ನು ಸೀಸೆಗೆ ಅಂಟಿಸಿ ಮಾರತೊಡಗಿದವು. ನಿಜವಾದ ಮನೆಗಳವರು ಕೂಡಿ ಸಂಘ ಕಟ್ಟಿಕೊಂಡು, ತಮ್ಮದೇ ಅಸಲಿಯೆಂದು ಗುರುತು ಮಾಡಿಕೊಳ್ಳಬೇಕಾಯಿತು. ಇಡೀ ದೇಶದಲ್ಲಿ ಸುಮಾರು 1,500 ಬ್ರೂವರಿಗಳಿದ್ದರೂ ಇತ್ತೀಚಿನ ವರ್ಷಗಳಲ್ಲಿ ಕುಡಿಯುವವರು ಕಡಿಮೆಯಾಗಿ ಕೆಲವು ಮುಚ್ಚುತ್ತಿವೆ. ಪದ್ಧತಿ ಹಳೆಯದೆಂಬ ಒಂದೇ ಕಾರಣಕ್ಕೆ ಅದು ತಾನಾಗಿ ಉಳಿಯುವುದಿಲ್ಲ. ಉಳಿಸುವ ಮನೆಗಳಿದ್ದರೆ ಉಳಿಯುತ್ತದೆ.

ಈಗ ನಮ್ಮ ಮಾತು. ಆ ಊರುಗಳಲ್ಲಿ ಮನೆಗೆ ಅಂಟಿಕೊಂಡಿದ್ದ ಹಕ್ಕು ನಮಗೆ ಬಹಳ ಕಾಲ ಇರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಮನೆಖರ್ಚಿಗೆ ಇಟ್ಟುಕೊಂಡದ್ದು ಬಿಟ್ಟರೆ, ಬೆಳೆದವನು ತನ್ನ ಬೀಜ ಹುರಿದು ತನ್ನ ಹೆಸರಿನಲ್ಲಿ ಮಾರುವಂತಿರಲಿಲ್ಲ. ಪೂಲಿನಿಂದ ಕಷ್ಟಕಾಲದಲ್ಲಿ ಆಸರೆಯೂ ಇತ್ತು, ಅದನ್ನು ಹೀಗಳೆಯಬೇಕಾಗಿಲ್ಲ. 1990ರ ದಶಕದ ಮೊದಲಲ್ಲಿ ಕಟ್ಟು ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಹಕ್ಕು ಬಂದಿತು. ಆದರೆ ನಮ್ಮಲ್ಲಿ ಹೆಚ್ಚಿನವರು ಆ ಹಕ್ಕಿನಿಂದ ಮಾಡಿದ್ದೇನೆಂದರೆ ಚೀಲ ಕಟ್ಟಿ ಕಣಕ್ಕೆ ಬಂದ ವ್ಯಾಪಾರಿಗೆ ತೂಗಿ ಕೊಟ್ಟದ್ದು, ಅಷ್ಟೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತೂ ದೊರೆಯಿತು. ಹಾಪ್ ಮೂಟೆಯ ಮುದ್ರೆಯಂಥದೇ ಅದು. ಮುದ್ರೆ ಇದೆ, ಅದರ ಹಿಂದೆ ನಕ್ಷತ್ರ ತೂಗುವ ಮನೆ ಇಲ್ಲ.

ಮುಂದಿನ ಹೆಜ್ಜೆಯನ್ನು ಸಹಕಾರದಿಂದ ಇಡಲು ಸಾಧ್ಯವೆಂಬುದಕ್ಕೆ ಜರ್ಮನಿಗೇ ಹೋಗಬೇಕಾಗಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಕ್ಯಾಂಪ್ಕೋ, ಮುಂದೆ ಕೊಕ್ಕೋವನ್ನೂ ಕೈಗೆತ್ತಿಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ನಾನು ಕೇಳುವುದು ಅಷ್ಟು ದೊಡ್ಡದನ್ನೂ ಅಲ್ಲ. ನಮ್ಮ ಸಂಘ ಒಂದು ಸಣ್ಣ ಹುರಿಯುವ ಯಂತ್ರ, ಒಂದು ಬೀಸುವ ಯಂತ್ರ, ಒಂದು ತೇವಾಂಶ ಅಳೆಯುವ ಮಾಪಕ ಇಡಲಿ. ಸದಸ್ಯರು ತಮ್ಮ ಬೀಜ ತಂದು ಹುರಿಸಿಕೊಂಡು, ಕಿಲೋ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ತಮ್ಮ ಮನೆಗೆ ಒಯ್ಯಲಿ. ಒಂದು ರಸ್ತೆಯ ಹತ್ತು ಮನೆಗಳು ಸರದಿ ಹಾಕಿಕೊಂಡು, ವಾರಕ್ಕೆ ಇಬ್ಬರಂತೆ ಗೇಟಿಗೆ ಒಂದೇ ತೆರನಾದ ಹಲಗೆ ತೂಗುಹಾಕಲಿ. ಬಂದವರಿಗೆ ಆ ತೋಟದ ಕಾಫಿ, ಆ ಮನೆಯ ಕಡುಬೋ ಅಕ್ಕಿ ರೊಟ್ಟಿಯೋ ಸಿಗಲಿ. ಅಡಿಕೆ ತೋಟದ ಮನೆಗಳಲ್ಲಿ ಪುನರ್ಪುಳಿ ಪಾನಕ, ಕೊಕ್ಕೋ ಆಗಬಹುದು. ಹೋಗುವಾಗ ಅರ್ಧ ಕಿಲೋ ಪುಡಿ, ಕಾಲು ಕಿಲೋ ಕಾಳುಮೆಣಸು ಅವರ ಚೀಲ ಸೇರಲಿ.

ತಾವು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಕೊಯ್ಲಿನ ಗಡಿಬಿಡಿಯಲ್ಲಿ ಇದೆಲ್ಲ ಯಾರು ಮಾಡುವವರು? ಅದಕ್ಕೇ ಸರದಿ. ಕೊಯ್ಲಿನ ವಾರದಲ್ಲಿ ಹಲಗೆ ಒಳಗಿರಲಿ. ದುಡಿತವೆಲ್ಲ ಹೆಂಗಸರ ತಲೆಗೇ ಬೀಳುವುದಿಲ್ಲವೇ? ಬೀಳುತ್ತದೆ, ಆದುದರಿಂದ ಆ ದಿನದ ಹಣ ಅವರ ಹೆಸರಿನ ಖಾತೆಗೇ ಹೋಗಬೇಕೆಂದು ಮೊದಲೇ ಬರೆದಿಡೋಣ. ಒಬ್ಬನು ಕಲಬೆರಕೆ ಮಾಡಿದರೆ ಹತ್ತು ಹಲಗೆಯ ಮಾನ ಹೋಗುವುದಿಲ್ಲವೇ? ಹೋಗುತ್ತದೆ. ಬವೇರಿಯಾದ ದೊರೆಗಳು 1516ರಲ್ಲೇ ಬಿಯರಿಗೆ ಬಾರ್ಲಿ, ಹಾಪ್, ನೀರು ಇಷ್ಟೇ ಎಂದು ಕಟ್ಟಳೆ ಮಾಡಿದ್ದರು. ನಮ್ಮ ದೇಶದ ಕಾನೂನು ಕಾಫಿ ಪುಡಿಯ ಮಿಶ್ರಣದಲ್ಲಿ ನೂರಕ್ಕೆ 49ರವರೆಗೆ ಚಿಕೋರಿಗೆ ಅವಕಾಶ ಕೊಡುತ್ತದೆ. ನಮ್ಮ ಹಲಗೆಯ ಕೆಳಗೆ ಚಿಕೋರಿ ಇಲ್ಲ, ಬೇರೆ ತೋಟದ ಬೀಜವಿಲ್ಲ ಎಂಬ ಎರಡೇ ನಿಯಮವನ್ನು ನಾವೇ ಹಾಕಿಕೊಳ್ಳೋಣ; ತಪ್ಪಿದವರ ಹಲಗೆ ಇಳಿಸುವ ಅಧಿಕಾರ ಸಂಘಕ್ಕಿರಲಿ. ಆಹಾರ ಸುರಕ್ಷತೆಯ ನೋಂದಣಿಯ ಕಾಗದ ಪತ್ರಗಳನ್ನು ಸಂಘದ ಕಚೇರಿಯೇ ಒಟ್ಟಿಗೆ ಮಾಡಿಸಿಕೊಡಬಹುದು.

ಇದರಿಂದ ಬೆಳೆಯೆಲ್ಲ ಖರ್ಚಾಗಲಾರದು. ಹತ್ತು ಚೀಲದಲ್ಲಿ ಒಂದು ಚೀಲ ಈ ದಾರಿಯಲ್ಲಿ ಹೋದರೆ ಅದೇ ದೊಡ್ಡದು. ಉಳಿದ ಒಂಬತ್ತಕ್ಕೆ ಮಾರುಕಟ್ಟೆ ಇದ್ದೇ ಇದೆ. ಆದರೆ ಆ ಒಂದು ಚೀಲದಿಂದ ತನ್ನ ಕಾಫಿಯ ರುಚಿಯೇನು, ಅದಕ್ಕೆ ಕುಡಿಯುವವನು ಕೊಡುವ ಬೆಲೆಯೇನು ಎಂಬುದು ಬೆಳೆಗಾರನಿಗೆ ತಿಳಿಯುತ್ತದೆ. ಅದು ತಿಳಿದವನನ್ನು ಉಳಿದ ಒಂಬತ್ತು ಚೀಲದ ಚೌಕಾಸಿಯಲ್ಲಿ ಬಗ್ಗಿಸುವುದು ಸುಲಭವಲ್ಲ. ಬರುವ ಮಹಾಸಭೆಯಲ್ಲಿ ಯಂತ್ರದ ವಿಷಯವನ್ನು ಚರ್ಚೆಗೆ ಇಡಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಸರದಿಗೆ ಹೆಸರು ಕೊಡಲು ಒಪ್ಪುವ ಸದಸ್ಯರು ಅಂದು ಕೈ ಎತ್ತಿದರೆ ಸಾಕು. ಹತ್ತು ಕೈ ಎದ್ದರೆ ಒಂದು ರಸ್ತೆಗಾಯಿತು.