ಪಾಸು ಎಲ್ಲಿ ತೆಗೆಯಬೇಕು? ಕಿಟಕಿಯಲ್ಲಿ

ಕೆಲಸ ಸಿಕ್ಕಿ ಹೊಸದಾಗಿ ಹೈದರಾಬಾದಿಗೆ ಬಂದ ರಾಯಚೂರಿನ ಹುಡುಗನೊಬ್ಬ ಹೋದ ತಿಂಗಳು ಕೇಳಿದ: "ಅಕ್ಕಾ, ಕಾಚಿಗುಡದಿಂದ ಹೈಟೆಕ್ ಸಿಟಿಗೆ ಎಂಎಂಟಿಎಸ್‌ನ್ಯಾಗ ದಿನಾ ಅಡ್ಡಾಡಬೇಕು. ಸೀಸನ್ ಟಿಕೆಟ್ ಎಲ್ಲಿ ತಗೊಳ್ಳಲಿ?" ನಾನು ಬಾಯಿ ತೆರೆಯುವ ಮೊದಲೇ ಜೊತೆಯಲ್ಲಿದ್ದ ಮೂವರೂ ಒಂದೇ ಉತ್ತರ ಕೊಟ್ಟರು: "ಆ್ಯಪ್‌ನಲ್ಲಿ ತಗೋ. ಈಗಿನ ಕಾಲದಲ್ಲಿ ಇನ್ನೂ ಯಾರಪ್ಪಾ ಕ್ಯೂ ನಿಲ್ತಾರೆ?"

ನನಗೆ ತಕರಾರಿರುವುದು ಆ "ಇನ್ನೂ ಯಾರಪ್ಪಾ" ಎಂಬ ಮಾತಿನ ಮೇಲೆ. ಯಾರು ನಿಲ್ಲುತ್ತಾರೆ ಎಂದು ತಿಳಿಯಬೇಕಾದರೆ ಬೆಳಿಗ್ಗೆ ಫಲಕ್‌ನುಮಾದಿಂದ ಲಿಂಗಂಪಲ್ಲಿ ಕಡೆಗೆ ಹೋಗುವ ರೈಲಿನ ಹೆಂಗಸರ ಡಬ್ಬಿ ಹತ್ತಬೇಕು. ಹುಪ್ಪುಗುಡ, ಯಾಕುತ್‌ಪುರ, ಡಬೀರ್‌ಪುರ, ಮಲಕ್‌ಪೇಟೆಗಳಲ್ಲಿ ಹತ್ತಿದವರಿಂದ ಡಬ್ಬಿ ಕಾಚಿಗುಡಕ್ಕೆ ಬರುವಷ್ಟರಲ್ಲೇ ತುಂಬಿರುತ್ತದೆ. ಹೈಟೆಕ್ ಸಿಟಿ, ಹಫೀಜ್‌ಪೇಟೆ, ಚಂದಾನಗರದ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವವರು, ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು. "ಇನ್ನೂ ಯಾರಪ್ಪಾ" ಎಂದವರ ಮನೆಯ ಬೆಳಗಿನ ಚಹಾ ಈ ರೈಲಿನಲ್ಲೇ ಬರುತ್ತದೆ.

ಮೊದಲು ಲೆಕ್ಕ. ತಿಂಗಳ ಸೀಸನ್ ಟಿಕೆಟ್ಟಿನ ಬೆಲೆ ಸುಮಾರು ಹದಿನೈದು ಬಿಡಿ ಟಿಕೆಟ್ಟಿನಷ್ಟು. ವಾರಕ್ಕೆ ಆರು ದಿನ ಹೋಗಿ ಬರುವವರಿಗೆ ತಿಂಗಳಿಗೆ ಐವತ್ತು ಪ್ರಯಾಣ. ಬಿಡಿ ಟಿಕೆಟ್ 10 ರೂ. ಆದರೆ ದಿನದಿನಕ್ಕೆ ಕೊಡುವವರು 500 ರೂ. ಕೊಡುತ್ತಾರೆ, ಪಾಸಿನವರು ಸುಮಾರು 150 ರೂ. ಮೂರು ತಿಂಗಳ ಪಾಸು ತಿಂಗಳ ದರದ 2.7 ಪಟ್ಟು, ಆರು ತಿಂಗಳದ್ದು 5.4 ಪಟ್ಟು, ವರ್ಷದ್ದು 10.8 ಪಟ್ಟು. ಅಂದರೆ ಮೂರಕ್ಕೂ ಉಳಿತಾಯ ಅದೇ ಶೇ. 10. ಮೂರು ತಿಂಗಳಿಗಿಂತ ಹೆಚ್ಚಿನದಕ್ಕೆ ದುಡ್ಡು ಕಟ್ಟಿಹಾಕುವುದರಿಂದ ಬೆಲೆಯಲ್ಲಿ ಹೆಚ್ಚಿನ ಲಾಭವಿಲ್ಲ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಮನೆಕೆಲಸಕ್ಕೆ ಹೋಗುವ ಒಬ್ಬರು ನನಗೆ ಈ ರೈಲಿನಲ್ಲೇ ಪರಿಚಯ. ನಾನು ಅವರನ್ನು ಆಪಾ ಎನ್ನುತ್ತೇನೆ. ಎಷ್ಟೋ ವರ್ಷ ಅವರು ದಿನಕ್ಕೆರಡು ಬಿಡಿ ಟಿಕೆಟ್ ತೆಗೆಯುತ್ತಿದ್ದರು. ಪಾಸು ಎನ್ನುವುದು ಆಫೀಸಿನವರಿಗೆ ಎಂದುಕೊಂಡಿದ್ದರಂತೆ. ಹಾಗಲ್ಲ ಎಂದು ತಿಳಿಸಿದ್ದು ಕಿಟಕಿಯ ಹಿಂದೆ ಕೂತ ಕ್ಲರ್ಕ್. ದಿನಾ ಅದೇ ಮುಖ, ಅದೇ ಊರು, ಅದೇ ಚಿಲ್ಲರೆ ನೋಡಿ ಒಂದು ದಿನ ಆತನೇ "ಅಮ್ಮಾ, ಒಂದು ಫೋಟೋ ತಗೊಂಡು ಬಾ, ಪಾಸು ಮಾಡಿಕೊಡ್ತೀನಿ" ಎಂದನಂತೆ. ಈಗ ಟಿಸಿ ಬಂದರೆ ಆಪಾ ಕುಪ್ಪಸದಿಂದ ಪ್ಲಾಸ್ಟಿಕ್ ಕವರು ತೆಗೆದು, "ಮೇರೆ ಪಾಸಿಚ್ ಹೈ ಪಾಸ್" ಎಂದು ತೋರಿಸುತ್ತಾರೆ. ನನ್ನ ಹತ್ತಿರವೇ ಇದೆ ಪಾಸು. ದಖ್ಖನಿಯಲ್ಲಿ ಎರಡು ಪಾಸಿಗೂ ಒಂದೇ ಉಚ್ಚಾರಣೆ.

ಆ್ಯಪ್ ಅವರಿಗೆ ಇದನ್ನು ಹೇಳುತ್ತಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವಂತೆ ಅದನ್ನು ಕಟ್ಟಿರುತ್ತಾರೆ. ಏನು ಕೇಳಬೇಕೆಂದು ಗೊತ್ತಿಲ್ಲದವರಿಗೆ ಅದರಲ್ಲಿ ಜಾಗವಿಲ್ಲ.

ಆ್ಯಪಿನ ಪರವಾಗಿ ಹೇಳುವ ದೊಡ್ಡ ಮಾತು ಕ್ಯೂ. ಬಿಡಿ ಟಿಕೆಟ್ಟಿಗೆ ಅದು ನಿಜ. ರೈಲು ಬರಲು ನಾಲ್ಕು ನಿಮಿಷ, ಮುಂದೆ ಹದಿನೈದು ಜನ ಇದ್ದಾಗ ನಾನೂ ಫೋನನ್ನೇ ಬೈದುಕೊಂಡು ಒತ್ತಿದ್ದೇನೆ. ಆದರೆ ಪಾಸಿಗೆ ಈ ವಾದ ಹೊಂದುವುದಿಲ್ಲ. ಮೂರು ತಿಂಗಳ ಪಾಸು ತೆಗೆಯುವವರು ವರ್ಷಕ್ಕೆ ನಾಲ್ಕು ಸಲ ಕ್ಯೂ ನಿಲ್ಲಬೇಕು. ಮುಗಿಯುವ ಹತ್ತು ದಿನ ಮುಂಚೆಯೇ ನವೀಕರಿಸಬಹುದು. ಭಾನುವಾರ ಮಧ್ಯಾಹ್ನ ಊಟ ಮಾಡಿ ಹೋದರೆ ಕಿಟಕಿ ಮುಂದೆ ಅಷ್ಟಾಗಿ ಜನ ಇರುವುದಿಲ್ಲ. ವರ್ಷಕ್ಕೆ ನಾಲ್ಕು ಮಧ್ಯಾಹ್ನ ಉಳಿಸಲು ನಾವು ಬಿಟ್ಟುಕೊಡುತ್ತಿರುವುದೇನು ಎಂದು ಯಾರೂ ಕೇಳುವುದಿಲ್ಲ.

ನಾನು ಬಿಟ್ಟುಕೊಟ್ಟದ್ದನ್ನು ಹೇಳುತ್ತೇನೆ. ಎರಡು ವರ್ಷ ನನ್ನ ಪಾಸೂ ಫೋನಿನಲ್ಲೇ ಇತ್ತು. ಒಂದು ಸಂಜೆ ಬ್ಯಾಟರಿ ಸತ್ತಿತು. ಟಿಸಿ ಬಂದರು. ಪಾಸಿದೆ, ಮೂರು ತಿಂಗಳ ದುಡ್ಡು ಕಟ್ಟಿದ್ದೇನೆ, ಕೈಯಲ್ಲಿ ಗುರುತಿನ ಚೀಟಿ ಇದೆ. ಆದರೂ ತೋರಿಸಲಾಗದಿದ್ದರೆ ಟಿಕೆಟ್ ಇಲ್ಲದವರ ಲೆಕ್ಕ. ಕನಿಷ್ಠ 250 ರೂ. ದಂಡ, ಮೇಲೆ ಪ್ರಯಾಣದ ದರ. ಚಾರ್ಜ್ ಮಾಡಿಕೊಳ್ಳದೆ ಹೊರಟದ್ದು ನನ್ನ ತಪ್ಪು, ಟಿಸಿ ನಿಯಮದಂತೆ ನಡೆದರು. ತಕರಾರು ಆ ನಿಯಮದ ಮೇಲೆ. ಪಾಸಿನ ದಾಖಲೆ ಇರುವುದು ರೈಲ್ವೆಯದೇ ಕಂಪ್ಯೂಟರಿನಲ್ಲಿ, ನನ್ನ ಹೆಸರಿನಲ್ಲಿ. ಅದನ್ನು ನೋಡಿ ಖಾತ್ರಿ ಮಾಡಿಕೊಳ್ಳುವ ಹೊಣೆ ಮಾತ್ರ ನನ್ನ ಬ್ಯಾಟರಿಯದು! ಕಾಗದದ ಪಾಸಿಗೆ ಚಾರ್ಜ್ ಬೇಡ. ಫೋನಿನಲ್ಲಿ ತೆಗೆದ ಸೀಸನ್ ಟಿಕೆಟ್ ಮರುದಿನದಿಂದಷ್ಟೇ ಚಾಲ್ತಿಗೆ ಬರುತ್ತದೆ ಎಂಬುದೂ ಹಲವರಿಗೆ ಮೊದಲ ದಿನವೇ ಗೊತ್ತಾಗುವ ಸಂಗತಿ.

ಹೊಟ್ಟೆಪಾಡಿಗಾಗಿ ಅನುವಾದ ಮಾಡುವವಳು ನಾನು, ಆ್ಯಪುಗಳ ಒಳಗಿನ ವಾಕ್ಯಗಳನ್ನೂ ಕನ್ನಡ ಮಾಡಿದ್ದೇನೆ. ಪದಕ್ಕೆ ಇಷ್ಟು ಎಂದು ದುಡ್ಡು. "ನಿಮ್ಮ ವಹಿವಾಟು ವಿಫಲವಾಗಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಈ ವಾಕ್ಯದ ಒಂದಲ್ಲ ಒಂದು ರೂಪವನ್ನು ನೂರು ಸಲ ಬರೆದಿರಬಹುದು. ಭಾಷಾವಿಜ್ಞಾನ ಓದಿದ ಚಟಕ್ಕೆ ಅದನ್ನು ಬಿಡಿಸಿ ನೋಡಿದರೆ ಮಾಡಿದವರು ಯಾರೂ ಸಿಗುವುದಿಲ್ಲ. ವಹಿವಾಟು ತಾನಾಗಿ ವಿಫಲವಾಗಿದೆ, ಮಳೆ ಬಂದ ಹಾಗೆ. ಪ್ರಯತ್ನಿಸಬೇಕಾದವರು ಮಾತ್ರ ನೀವು. ಖಾತೆಯಿಂದ ದುಡ್ಡು ಹೋಗಿದೆ, ಪಾಸು ಬಂದಿಲ್ಲ ಎಂದಾಗ ಯಾರ ಜೊತೆ ಜಗಳ ಆಡುತ್ತೀರಿ? ಕಿಟಕಿಯ ಹಿಂದಿನವರು ದೇವರೇನಲ್ಲ. ಸಿಡುಕುತ್ತಾರೆ, ಚಿಲ್ಲರೆ ಇಲ್ಲ ಎನ್ನುತ್ತಾರೆ, ಸರಿಯಾಗಿ ನಿಮ್ಮ ಸರದಿ ಬಂದಾಗ ಎದ್ದು ಹೋಗುತ್ತಾರೆ. ಆದರೆ ಅಲ್ಲಿ ಒಬ್ಬ ಕರ್ತೃ ಇರುತ್ತಾನೆ. "ಸರ್ವರ್ ಬಂದ್ ಆಗಿದೆ, ಅರ್ಧ ಗಂಟೆ ಬಿಟ್ಟು ಬಾ" ಎಂದವನನ್ನು ಅರ್ಧ ಗಂಟೆ ಬಿಟ್ಟು ಹೋಗಿ ಹಿಡಿಯಬಹುದು.

ಪಾಸಿನ ವಿಷಯದಲ್ಲಿ ಇದು ಯಾಕೆ ಮುಖ್ಯ? ಬಿಡಿ ಟಿಕೆಟ್ ಒಂದು ಗಂಟೆಯ ವ್ಯವಹಾರ. ಪಾಸು ಹಾಗಲ್ಲ. ಮುಂದಿನ ಮೂವತ್ತು ಅಥವಾ ತೊಂಬತ್ತು ದಿನ ನೀವು ರೈಲು ಓಡಿಸುತ್ತೀರಿ ಎಂದು ನಂಬಿ ನಾನು ಇವತ್ತೇ ದುಡ್ಡು ಕೊಟ್ಟಿರುತ್ತೇನೆ. ಆ ನಂಬಿಕೆ ಒಮ್ಮೆ ಮುರಿದದ್ದನ್ನು ಹೈದರಾಬಾದ್ ನೋಡಿದೆ. 2003ರಿಂದ ಓಡುತ್ತಿದ್ದ ಎಂಎಂಟಿಎಸ್ 2020ರ ಮಾರ್ಚಿನಲ್ಲಿ ಲಾಕ್‌ಡೌನ್‌ಗೆ ನಿಂತಿತು. ಮತ್ತೆ ಹೊರಟದ್ದು ಹದಿನೈದು ತಿಂಗಳ ಮೇಲೆ, 2021ರ ಜೂನ್ 23ರಂದು, ಅದೂ ದಿನಕ್ಕೆ ಹತ್ತೇ ಸರ್ವಿಸಿನೊಂದಿಗೆ. ಮಾರ್ಚಿನಲ್ಲಿ ಪಾಸು ಇದ್ದವರ ಕಳೆದುಹೋದ ದಿನಗಳನ್ನು ವಿಸ್ತರಿಸಿ ಕೊಡುವುದಾಗಿ ದಕ್ಷಿಣ ಮಧ್ಯ ರೈಲ್ವೆ ಹೇಳಿತು. ಒಳ್ಳೆಯ ನಿರ್ಧಾರ. ನಾನು ಹಳೆಯ ಕಾಗದದ ಪಾಸು ಹಿಡಿದು ಕಿಟಕಿಗೆ ಹೋದೆ. ಒಳಗಿದ್ದ ಹೆಂಗಸು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಬೆರಳು ಮಡಿಸಿ ಉಳಿದ ದಿನ ಎಣಿಸಿದರು, ನಾನು ಈ ಕಡೆಯಿಂದ ಎಣಿಸಿದೆ. ನನ್ನ ಲೆಕ್ಕದಲ್ಲಿ ಒಂದು ದಿನ ಹೆಚ್ಚು ಬಂತು, ಮತ್ತೆ ಎಣಿಸಿದೆವು. ಅವರದೇ ಸರಿ ಇತ್ತು.

ಈಗ ರಿಯಾಯಿತಿಯ ಮಾತು. ಆ್ಯಪಿನ ವ್ಯಾಲೆಟ್ಟಿಗೆ ದುಡ್ಡು ಹಾಕಿದವರಿಗೆ ರೈಲ್ವೆ ಶೇ. 3 ಬೋನಸ್ ಕೊಡುತ್ತಾ ಬಂದಿದೆ. ಕಿಟಕಿಯಲ್ಲಿ ನೋಟು ಕೊಡುವವರಿಗೆ ಇಲ್ಲ. ಸಾವಿರಾರು ರೂಪಾಯಿಯ ಫೋನು, ಡೇಟಾ, ಬ್ಯಾಂಕ್ ಖಾತೆ ಎಲ್ಲ ಇದ್ದವರಿಗೆ ಅಗ್ಗ, ಇಲ್ಲದವರಿಗೆ ಪೂರ್ತಿ ದರ. ಇದೇ ರೈಲ್ವೆ 2009ರಲ್ಲಿ, ಮಮತಾ ಬ್ಯಾನರ್ಜಿ ಸಚಿವೆಯಾಗಿದ್ದಾಗ, ತಿಂಗಳ ಆದಾಯ 1500 ರೂ. ಮೀರದವರಿಗಾಗಿ 25 ರೂಪಾಯಿಯ ಇಜ್ಜತ್ ಪಾಸು ತಂದಿತ್ತು. ಇಜ್ಜತ್ ಎಂದರೆ ಮರ್ಯಾದೆ. ಟಿಕೆಟ್ ಇಲ್ಲದೆ ಕದ್ದು ಕೂರಬೇಕಾಗಿಲ್ಲ ಎಂಬ ಅರ್ಥದ ಹೆಸರು. ಬಡವರಿಗೆ ಕಡಿಮೆ ದರ ಎಂದಿದ್ದ ಇಲಾಖೆ ಈಗ ಫೋನಿದ್ದವರಿಗೆ ಕಡಿಮೆ ದರ ಎನ್ನುತ್ತಿದೆ.

ಆ್ಯಪೂ ಒಂದೇ ಕಡೆ ನಿಲ್ಲುವುದಿಲ್ಲ. ಯುಟಿಎಸ್ 2014ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಜನ ಅದಕ್ಕೆ ಒಗ್ಗಿದ ಮೇಲೆ, 2025ರ ಜುಲೈ 1ರಂದು, ರೈಲ್‌ಒನ್ ಬಂತು. ಮತ್ತೆ ಕಲಿಯಿರಿ. ಕಿಟಕಿಗೆ ಅಪ್‌ಡೇಟ್ ಬೇಕಿಲ್ಲ.

ನನ್ನ ಸೋದರಮಾವ ಬಂಗಾರಪೇಟೆಯಿಂದ ಬೆಂಗಳೂರಿಗೆ ಇಪ್ಪತ್ತೆರಡು ವರ್ಷ ಪಾಸಿನಲ್ಲೇ ಓಡಾಡಿದವರು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲೇ ಆ ಊರಿನ ಹೊಸ ಗಣಿ ಎಂದು ಅವರು ಹೇಳುತ್ತಿದ್ದರು. ಪಾಸು ಇದ್ದರೆ ಕೆಲಸ, ಕೆಲಸ ಇದ್ದರೆ ಊರು. ಹಳೆಯ ಪಾಸುಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಯಾಕೆ ಮಾಮಾ ಎಂದರೆ, "ನಾನು ಕೆಲಸಕ್ಕೆ ಹೋಗಿದ್ದೆ ಅನ್ನೋಕೆ ಇರೋ ದಾಖಲೆ ಇದೊಂದೇ ಕಣೇ" ಎನ್ನುತ್ತಿದ್ದರು. ಗಾರೆ ಕೆಲಸದವರಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ?

ಆ್ಯಪ್ ಬೇಡ ಎನ್ನುತ್ತಿಲ್ಲ. ಕಿಟಕಿ ಬಿಟ್ಟು ಎಲ್ಲರೂ ಅತ್ತ ಹೋದರೆ ಏನಾಗುತ್ತದೆ ಎಂದು ಕೇಳುತ್ತಿದ್ದೇನೆ. ಜನ ಕಡಿಮೆ ಎಂಬ ಅಂಕಿ ಕಿಟಕಿ ಮುಚ್ಚಲು ಕಾರಣವಾಗುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಟಿಕೆಟ್ ಮಾರುವುದನ್ನು ಕಮಿಷನ್ ಏಜೆಂಟರಿಗೆ ವಹಿಸುವ ಪದ್ಧತಿ ಈಗಾಗಲೇ ಇದೆ. ಅದಕ್ಕೇ, ಫೋನು ಇರುವ ನಾವೇ ಕಿಟಕಿಯಲ್ಲಿ ಪಾಸು ತೆಗೆಯಬೇಕು. ನಮ್ಮ ನಾಲ್ಕು ಮಧ್ಯಾಹ್ನ ಆಪಾ ನಿಲ್ಲುವ ಕಿಟಕಿಯ ಲೆಕ್ಕಕ್ಕೆ ಸೇರುತ್ತದೆ. ಜೊತೆಗೆ ಇಷ್ಟು ಕೇಳೋಣ: ಎಂಎಂಟಿಎಸ್‌ನ ಪ್ರತಿ ನಿಲ್ದಾಣದಲ್ಲೂ ಮನುಷ್ಯ ಕೂರುವ ಒಂದು ಕಿಟಕಿ, ಅಲ್ಲೂ ಅದೇ ಶೇ. 3, ಫೋನು ಸತ್ತವರ ಪಾಸನ್ನು ಗುರುತಿನ ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ.

ರಾಯಚೂರಿನ ಹುಡುಗನನ್ನು ಭಾನುವಾರ ಕರೆದುಕೊಂಡು ಹೋದೆ. ಕ್ಯೂನಲ್ಲಿ ಆರು ಜನ. ಮೂರು ತಿಂಗಳದ್ದು ತೆಗೆದ. ಹೊರಗೆ ಬಂದು ಪ್ಲಾಸ್ಟಿಕ್ ಕವರಿಗೆ ಹುಡುಕಿದೆವು. ಮೊದಲ ಎರಡು ಅಂಗಡಿಯಲ್ಲಿ ಫೋನಿನ ಕವರು ಮಾತ್ರ ಇತ್ತು.