ನಗರಾಡಳಿತದ ಮಾತುಗಾರರು: ಸನ್ಮಾನ ಯಾರಿಗೆ, ಯಾವುದಕ್ಕಾಗಿ?

ಹಿರಿಯರನ್ನು ಸನ್ಮಾನಿಸುವುದು ಒಳ್ಳೆಯ ಸಂಪ್ರದಾಯ ಎಂಬುದರಲ್ಲಿ ಎರಡು ಮಾತಿಲ್ಲ. ವಕೀಲರ ಸಂಘವಿರಲಿ, ಶಿಕ್ಷಕರ ಸಂಘವಿರಲಿ, ವರ್ತಕರ ಸಂಘವಿರಲಿ, ತನ್ನ ಮಾಜಿ ಅಧ್ಯಕ್ಷರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ನೀಡಿ ಗೌರವಿಸುತ್ತದೆ. ಹೊಗಳಿಕೆಯ ಮಾತುಗಳು ಮುಗಿದು ಸಭೆ ಚದುರಿದ ಬಳಿಕವೂ ಒಂದು ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ. ನಾವು ಇವರನ್ನು ಗೌರವಿಸಿದ್ದು ಇವರು ಕುಳಿತಿದ್ದ ಕುರ್ಚಿಗಾಗಿಯೋ ಅಥವಾ ಅಲ್ಲಿ ಕುಳಿತು ಮಾಡಿದ ಕೆಲಸಕ್ಕಾಗಿಯೋ?

ಈ ಪ್ರಶ್ನೆ ಎಲ್ಲರಿಗಿಂತ ಹೆಚ್ಚಾಗಿ ಕಾಡಬೇಕಾದ ವೃತ್ತಿಯೊಂದಿದೆ. ಅದು ಪುರಸಭೆ, ನಗರಪಾಲಿಕೆಗಳ ಪರವಾಗಿ ಜನರೊಂದಿಗೆ ಮಾತನಾಡುವ ಸಾರ್ವಜನಿಕ ಸಂಪರ್ಕಾಧಿಕಾರಿಗಳ ವೃತ್ತಿ. ಇವರ ಬಂಡವಾಳವೇ ಮಾತು. ಸಂಸ್ಥೆಯ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿಸುವುದನ್ನೇ ಕಸುಬಾಗಿಸಿಕೊಂಡವರು ತಮ್ಮವರನ್ನೇ ಹೊಗಳಲು ನಿಂತಾಗ ಅಲ್ಲಿ ಪ್ರಶಂಸೆಗೆ ಕೊರತೆಯಿರಲಾರದು. ಕೊರತೆಯಿರುವುದು ಆತ್ಮವಿಮರ್ಶೆಗೆ.

ಈ ವಿಷಯವನ್ನು ಅರಿಯಲು ಬ್ರಿಟನ್ನಿನ ಉದಾಹರಣೆ ಸಾಕು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ರಿಲೇಶನ್ಸ್ ಎಂಬ ವೃತ್ತಿಸಂಸ್ಥೆ ಹುಟ್ಟಿದ್ದು 1948ರಲ್ಲಿ. 2005ರಲ್ಲಿ ಅದಕ್ಕೆ ರಾಯಲ್ ಚಾರ್ಟರ್ ದೊರೆಯಿತು. ದೊಡ್ಡ ಕಂಪೆನಿಗಳ ಪ್ರಚಾರಕರು ಸೇರಿ ಕಟ್ಟಿದ ಸಂಸ್ಥೆಯಿದು ಎಂದು ಯಾರಾದರೂ ಊಹಿಸಿದರೆ ತಪ್ಪಾದೀತು. ನಿಜವಾಗಿ, ಅದರ ಸ್ಥಾಪನೆಯ ಹಿಂದೆ ದುಡಿದವರಲ್ಲಿ ಸ್ಥಳೀಯಾಡಳಿತದ ಅಧಿಕಾರಿಗಳದೇ ದೊಡ್ಡ ಪಾಲು. ಯುದ್ಧದ ವರ್ಷಗಳಲ್ಲಿ ಪಡಿತರ, ಮಕ್ಕಳ ಸ್ಥಳಾಂತರ, ವಾಯುದಾಳಿಯ ಎಚ್ಚರಿಕೆಗಳನ್ನು ಜನರಿಗೆ ವಿವರಿಸಿ ಅನುಭವ ಪಡೆದವರು ಅವರಲ್ಲಿದ್ದರು. ಬಾಂಬಿಗೆ ಉರುಳಿದ ಮನೆಗಳನ್ನು ಮತ್ತೆ ಕಟ್ಟುವ ಕಾಲದಲ್ಲಿ, ಮನೆ ಯಾರಿಗೆ ಸಿಗುತ್ತದೆ, ಅರ್ಜಿ ಎಲ್ಲಿ ಕೊಡಬೇಕು ಎಂದು ಹೇಳುವ ಹೊಣೆ ಅಲ್ಲಿನ ಕೌನ್ಸಿಲ್‌ಗಳ ಮೇಲಿತ್ತು.

ಆದರೆ ಸಂಸ್ಥೆ ತನ್ನ ಮೊದಲ ಅಧ್ಯಕ್ಷರನ್ನಾಗಿ ಆರಿಸಿದ್ದು ಸರ್ ಸ್ಟೀಫನ್ ಟ್ಯಾಲೆಂಟ್ಸ್ ಅವರನ್ನು. 1984ರಲ್ಲಿ ಅವರ ಹೆಸರಿನಲ್ಲಿ ಒಂದು ಪದಕವನ್ನೂ ಸ್ಥಾಪಿಸಲಾಯಿತು. ಯಾರೀ ಟ್ಯಾಲೆಂಟ್ಸ್? 1926ರಲ್ಲಿ ಬ್ರಿಟನ್ ಸ್ಥಾಪಿಸಿದ ಎಂಪೈರ್ ಮಾರ್ಕೆಟಿಂಗ್ ಬೋರ್ಡಿನ ಕಾರ್ಯದರ್ಶಿ. ಸಾಮ್ರಾಜ್ಯದ ವಸ್ತುಗಳನ್ನು ಕೊಳ್ಳುವಂತೆ ಬ್ರಿಟಿಷರನ್ನು ಒಲಿಸುವುದು ಆ ಮಂಡಳಿಯ ಕೆಲಸವಾಗಿತ್ತು. ಸಾಮ್ರಾಜ್ಯದಲ್ಲಿ ಬೆಳೆದ ಚಹಾವನ್ನೇ ಕುಡಿಯಿರಿ ಎಂದು ಸಾರುವ ಬಣ್ಣಬಣ್ಣದ ಭಿತ್ತಿಚಿತ್ರಗಳು ಇಂಗ್ಲೆಂಡಿನ ಬೀದಿಗಳಲ್ಲಿ ರಾರಾಜಿಸಿದವು. 1930ರ ಏಪ್ರಿಲ್‌ನಲ್ಲಿ ಗಾಂಧೀಜಿ ದಂಡಿಯ ಕಡಲ ತೀರದಲ್ಲಿ ಉಪ್ಪನ್ನು ಕೈಗೆತ್ತಿಕೊಂಡಾಗಲೂ ಈ ಮಂಡಳಿ ಕೆಲಸ ಮಾಡುತ್ತಲೇ ಇತ್ತು. ಚಹಾದ ಬಣ್ಣ ಆ ಚಿತ್ರಗಳಲ್ಲಿತ್ತು. ಚಹಾ ತೋಟದ ಕೂಲಿಯವನ ಬವಣೆ ಇರಲಿಲ್ಲ. 1932ರಲ್ಲಿ ಟ್ಯಾಲೆಂಟ್ಸ್ ಬರೆದ ಕಿರುಹೊತ್ತಗೆಯ ಹೆಸರೇ ಇಂಗ್ಲೆಂಡಿನ ಬಿಂಬವನ್ನು ಜಗತ್ತಿನ ಮುಂದಿಡುವ ಕುರಿತಾಗಿತ್ತು.

ಹಾಗಂತ ಟ್ಯಾಲೆಂಟ್ಸ್‌ರನ್ನು ಬರೀ ಸಾಮ್ರಾಜ್ಯದ ಡಂಗುರದವನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜಾನ್ ಗ್ರಿಯರ್ಸನ್ ಎಂಬ ಯುವಕನಿಗೆ ಚಿತ್ರ ನಿರ್ಮಿಸುವ ಅವಕಾಶ ಕೊಟ್ಟವರು ಅವರೇ. 1933ರಲ್ಲಿ ಮಂಡಳಿ ಮುಚ್ಚಿದಾಗ ಆ ಚಲನಚಿತ್ರ ಘಟಕವನ್ನು ಅಂಚೆ ಇಲಾಖೆಗೆ ಒಯ್ದು ಉಳಿಸಿಕೊಂಡವರೂ ಅವರೇ. ಬ್ರಿಟನ್ನಿನ ಸಾಕ್ಷ್ಯಚಿತ್ರ ಚಳವಳಿ ಬೆಳೆದದ್ದು ಆ ಆಸರೆಯಲ್ಲಿ. ಮೀನು ಹಿಡಿಯುವವನ, ರೈಲಿನಲ್ಲಿ ರಾತ್ರಿಯಿಡೀ ಕಾಗದ ವಿಂಗಡಿಸುವವನ ಮುಖ ಬೆಳ್ಳಿತೆರೆಗೆ ಬಂದದ್ದು ಆ ಚಳವಳಿಯಿಂದ. ಮನುಷ್ಯ ಒಂದೇ ಬಣ್ಣದವನಲ್ಲ. ಆದ್ದರಿಂದಲೇ ಹಿರಿಯರ ಸ್ಮರಣೆ ಎಂದರೆ ಬರೀ ಹೊಗಳಿಕೆಯಲ್ಲ, ಲೆಕ್ಕ ಒಪ್ಪಿಸುವಿಕೆ. ಜಮೆ ಎಷ್ಟು, ಖರ್ಚು ಎಷ್ಟು ಎಂದು ಎರಡೂ ಕಡೆ ಬರೆದಾಗಲೇ ಲೆಕ್ಕ ಪೂರ್ಣವಾಗುತ್ತದೆ.

ಇದೇ ಚಳವಳಿಯಿಂದ ಬಂದ ಇನ್ನೊಂದು ಚಿತ್ರವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. 1935ರಲ್ಲಿ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆ್ಯನ್ಸ್ಟಿ ಎಂಬವರು 'ಹೌಸಿಂಗ್ ಪ್ರಾಬ್ಲೆಮ್ಸ್' ಎಂಬ ಚಿತ್ರ ನಿರ್ಮಿಸಿದರು. ಹಣ ಕೊಟ್ಟದ್ದು ಗ್ಯಾಸ್ ಉದ್ಯಮ. ಅದರಲ್ಲಿ ಅದರ ಸ್ವಾರ್ಥವೂ ಇತ್ತು. ಆದರೆ ಲಂಡನ್ನಿನ ಸ್ಟೆಪ್ನಿ ಪ್ರದೇಶದ ಕೊಳೆಗೇರಿ ನಿವಾಸಿಗಳೇ ಕ್ಯಾಮರಾದ ಮುಂದೆ ನಿಂತು, ಇಲಿ, ತಿಗಣೆ, ಕುಸಿಯುವ ಗೋಡೆಗಳ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಿದರು. ಬಡವನ ಪರವಾಗಿ ಬೇರೆಯವರು ಮಾತನಾಡುವುದಲ್ಲ, ಬಡವನ ಕೈಗೇ ಮೈಕು ಕೊಡುವುದು. ಸಂಪರ್ಕಾಧಿಕಾರಿಯ ವೃತ್ತಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆಯೇ?

ಆ ಪಾಠವನ್ನು ಲಂಡನ್ ನೆನಪಿಟ್ಟುಕೊಂಡಿತೇ? ಆ ನಗರದ ಇನ್ನೊಂದು ಭಾಗವಾದ ಕೆನ್ಸಿಂಗ್ಟನ್ ಆ್ಯಂಡ್ ಚೆಲ್ಸಿಯ ಕೌನ್ಸಿಲ್ಲಿಗೆ ಸೇರಿದ ಗ್ರೆನ್‌ಫೆಲ್ ಟವರ್ ಎಂಬ 24 ಮಹಡಿಗಳ ವಸತಿ ಕಟ್ಟಡದ ಕತೆ ಇದಕ್ಕೆ ಉತ್ತರ ಕೊಡುತ್ತದೆ. ಆ ಬಡಾವಣೆಯ ನಿವಾಸಿಗಳು ಗ್ರೆನ್‌ಫೆಲ್ ಆಕ್ಷನ್ ಗ್ರೂಪ್ ಎಂಬ ಹೆಸರಿನಲ್ಲಿ ಸುರಕ್ಷತೆಯ ಲೋಪಗಳ ಬಗ್ಗೆ ವರ್ಷಗಳ ಕಾಲ ಅಂತರ್ಜಾಲದಲ್ಲಿ ಬರೆದರು. 2013ರಲ್ಲಿ ಅವರಿಗೆ ಬಂದದ್ದು ದುರಸ್ತಿಯ ಭರವಸೆಯಲ್ಲ, ಇಂಥ ಬರಹ ಮಾನಹಾನಿಕರ ಎಂಬ ಧಾಟಿಯ ಕೌನ್ಸಿಲ್‌ನ ವಕೀಲರ ಪತ್ರ. ದೊಡ್ಡ ದುರಂತವೊಂದು ನಡೆಯುವವರೆಗೂ ಇವರ ಕಣ್ಣು ತೆರೆಯಲಾರದು ಎಂದು 2016ರ ನವೆಂಬರ್‌ನಲ್ಲಿ ಆ ನಿವಾಸಿಗಳು ಎಚ್ಚರಿಸಿದರು. 2017ರ ಜೂನ್ 14ರ ನಸುಕಿನಲ್ಲಿ ಕಟ್ಟಡ ಹೊತ್ತಿ ಉರಿಯಿತು. 72 ಮಂದಿ ಬಲಿಯಾದರು.

ಕಟ್ಟಡದ ಹೊರಮೈಗೆ ಅಂಟಿಸಿದ್ದ ದಹನಶೀಲ ಹೊದಿಕೆಯೇ ಬೆಂಕಿ ಹಬ್ಬಲು ಮುಖ್ಯ ಕಾರಣ ಎಂಬುದು ತನಿಖೆಯಿಂದ ಸಾಬೀತಾಗಿದೆ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಹೊರಬಂದ ತನಿಖಾ ಆಯೋಗದ ಅಂತಿಮ ವರದಿ ಇನ್ನೊಂದು ಸತ್ಯವನ್ನೂ ಹೇಳಿತು. ಕಟ್ಟಡದ ನಿರ್ವಹಣಾ ಸಂಸ್ಥೆ ದೂರು ಹೇಳುತ್ತಿದ್ದ ಕೆಲವು ನಿವಾಸಿಗಳನ್ನು ತಂಟೆಕೋರರೆಂದೇ ಭಾವಿಸಿತ್ತು. ಬೆಂಕಿಯ ಬಳಿಕದ ದಿನಗಳಲ್ಲಿ ಕೌನ್ಸಿಲ್‌ನ ಸಂವಹನ ಕಳಪೆಯಾಗಿತ್ತು. ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ಜನರು ಅಲೆದಾಡಬೇಕಾಯಿತು. ಅದು ರಮಝಾನ್ ತಿಂಗಳು. ಉಪವಾಸಿಗರ ಅಗತ್ಯವೇನೆಂಬ ಕನಿಷ್ಠ ಪರಿವೆಯೂ ಆಡಳಿತಕ್ಕಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಸುತ್ತಲಿನ ಮಸೀದಿ, ಚರ್ಚುಗಳು ಮತ್ತು ಸ್ವಯಂಸೇವಕರು.

ದುರಂತವೇನೆಂದರೆ, ಪಾಠ ಕಲಿಯಬೇಕಾದ ಹೊತ್ತಿನಲ್ಲೂ ಆ ಕೌನ್ಸಿಲ್ ಬಾಗಿಲು ಹಾಕಿಕೊಳ್ಳಲು ಯತ್ನಿಸಿತು. ಜೂನ್ 29ರಂದು ನಡೆದ ಸಭೆಗೆ ಪತ್ರಕರ್ತರಿಗೆ ಪ್ರವೇಶವಿಲ್ಲವೆಂದಿತು. ಮಾಧ್ಯಮಗಳು ಹೈಕೋರ್ಟಿನಿಂದ ಆದೇಶ ತಂದು ಒಳಗೆ ಹೋದಾಗ, ನಾಯಕರು ಸಭೆಯನ್ನೇ ಬರ್ಖಾಸ್ತುಗೊಳಿಸಿದರು. ಮರುದಿನ ಅವರು ರಾಜೀನಾಮೆ ಕೊಡಬೇಕಾಯಿತು. ವಿಚಿತ್ರವೆಂದರೆ, ಸ್ಥಳೀಯ ಸಂಸ್ಥೆಗಳ ಸಭೆಗೆ ಪತ್ರಕರ್ತರಿಗೆ ಪ್ರವೇಶ ಖಾತರಿಪಡಿಸುವ ಕಾನೂನು ಆ ದೇಶದಲ್ಲಿ 1960ರಲ್ಲೇ ಬಂದಿತ್ತು. ಅದನ್ನು ಮಂಡಿಸಿದವರು ಆಗ ಹೊಸ ಸಂಸದೆಯಾಗಿದ್ದ ಮಾರ್ಗರೆಟ್ ಥ್ಯಾಚರ್. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ನೆನಪಿಸುವ ಧೈರ್ಯವುಳ್ಳ ಒಬ್ಬನಾದರೂ ಕಚೇರಿಯೊಳಗಿರಬೇಕು. ಆ ಒಬ್ಬನಾಗುವುದೇ ಸಂಪರ್ಕಾಧಿಕಾರಿಯ ಧರ್ಮವಲ್ಲವೇ?

ಇದು ಬ್ರಿಟನ್ನಿನ ಕತೆ ಮಾತ್ರವೆಂದು ನಾವು ನಿರಾಳವಾಗಿರುವಂತಿಲ್ಲ. ಈ ವೃತ್ತಿಯ ಸಂಘಟನೆ ನಮ್ಮಲ್ಲೂ ಹಳೆಯದು. ಪಬ್ಲಿಕ್ ರಿಲೇಶನ್ಸ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದ್ದು 1958ರಲ್ಲಿ. ಪದಕ, ಪ್ರಶಸ್ತಿಗಳ ಸಂಪ್ರದಾಯ ನಮ್ಮಲ್ಲಿಯೂ ಇದೆ. ಮಾಹಿತಿಯ ಕಾನೂನೂ ಇದೆ. ಕರ್ನಾಟಕವಂತೂ ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ಮಾಹಿತಿ ಹಕ್ಕಿನ ಕಾಯ್ದೆ ಮಾಡಿದ ರಾಜ್ಯ. 2005ರ ಕೇಂದ್ರ ಕಾಯ್ದೆಯ 4ನೇ ಕಲಮು, ಯಾರೂ ಅರ್ಜಿ ಹಾಕದೆಯೇ ಪ್ರತಿಯೊಂದು ಸಾರ್ವಜನಿಕ ಸಂಸ್ಥೆ ತನ್ನ ಕಡತಗಳ ವಿವರ, ನಿರ್ಧಾರಗಳು, ಖರ್ಚುವೆಚ್ಚಗಳನ್ನು ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ಆದರೆ ನಮ್ಮ ಸ್ಥಳೀಯ ಸಂಸ್ಥೆಗಳ ಮಾತು ನಮ್ಮ ಕಿವಿಗೆ ಬೀಳುವುದು ಯಾವಾಗ? ತೆರಿಗೆ ಕಟ್ಟಿರೆಂದು ಆಟೋದಲ್ಲಿ ಮೈಕು ಕೂಗುವಾಗ ಅಥವಾ ಕಾಮಗಾರಿಯ ಉದ್ಘಾಟನೆಗೆ ಕಟ್ಟಿದ ಫ್ಲೆಕ್ಸಿನಲ್ಲಿ ಜನಪ್ರತಿನಿಧಿಗಳ ನಗುಮುಖಗಳು ಸಾಲುಗಟ್ಟುವಾಗ. ಆ ಕಾಮಗಾರಿಗೆ ಎಷ್ಟು ಖರ್ಚಾಯಿತು, ಚರಂಡಿ ಯಾವಾಗ ಮುಗಿಯುತ್ತದೆ, ನಳ್ಳಿಯ ನೀರು ಕುಡಿಯಲು ಯೋಗ್ಯವೇ ಎಂದು ಕೇಳಿದರೆ ಉತ್ತರಿಸುವವರಿಲ್ಲ.

ಹಿಂದೆ ಊರಿನಲ್ಲಿ ಡಂಗುರ ಸಾರುವವನಿದ್ದ. ಆತ ಅಧಿಕಾರಸ್ಥರ ಮಾತನ್ನು ಜನರಿಗೆ ಮುಟ್ಟಿಸುತ್ತಿದ್ದ. ಜನರ ಮಾತನ್ನು ಅಧಿಕಾರಸ್ಥರಿಗೆ ಮುಟ್ಟಿಸುವುದು ಆತನ ಕೆಲಸವಾಗಿರಲಿಲ್ಲ. ಇಂದಿನ ಸಂಪರ್ಕಾಧಿಕಾರಿಗೂ ಡಂಗುರದವನಿಗೂ ವ್ಯತ್ಯಾಸವಿರಬೇಕಾದದ್ದು ಇಲ್ಲಿಯೇ. ಆತನ ಸಂಬಳ ಬರುವುದು ಜನರ ತೆರಿಗೆಯಿಂದ. ಆದ್ದರಿಂದ ಆತನ ಮಾತು ಜನರ ಅಮಾನತ್ತು. ಅದನ್ನು ಅಧ್ಯಕ್ಷರ ಅಥವಾ ಆಯುಕ್ತರ ಮುಖಕ್ಕೆ ಬಣ್ಣ ಬಳಿಯಲು ಉಪಯೋಗಿಸುವುದು ವಂಚನೆಯಾಗುತ್ತದೆ.

ಹಾಗಿರುವಾಗ ಈ ವೃತ್ತಿಯ ಸಂಘಗಳು ತಮ್ಮ ಹಿರಿಯರನ್ನು ಗೌರವಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಒಂದು, ಕಹಿಯಾದ ಸತ್ಯವನ್ನು ಇವರು ಜನರಿಗೆ ಸಕಾಲದಲ್ಲಿ ಹೇಳಿದ್ದರೇ? ಎರಡು, ಜನರ ದೂರನ್ನು ಸಭೆಯ ಮೇಜಿನವರೆಗೆ ಒಯ್ದಿದ್ದರೇ? ಮೂರು, ಸುಳ್ಳಿಗೆ ಸಹಿ ಹಾಕೆಂದು ಮೇಲಿನವರು ಹೇಳಿದಾಗ ಆಗದು ಎಂದಿದ್ದರೇ? ಈ ಮೂರರಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರವಿದ್ದರೆ ಆ ಹಿರಿಯರಿಗೆ ಹೊದಿಸುವ ಶಾಲಿಗೆ ಬೆಲೆ ಬರುತ್ತದೆ. ಬರೀ ಎರಡು ಅವಧಿಗೆ ಅಧ್ಯಕ್ಷರಾಗಿದ್ದರು ಎಂಬುದೇ ಅರ್ಹತೆಯಾದರೆ ಅದು ಕುರ್ಚಿಗೆ ಮಾಡಿದ ಸನ್ಮಾನವಷ್ಟೇ.

ಸನ್ಮಾನವು ಸಾಮಾನ್ಯವಾಗಿ ನಿವೃತ್ತರಿಗೆ ಸಲ್ಲುತ್ತದೆ, ನಿಜ. ಆದರೆ ಅದನ್ನು ಎವೆಯಿಕ್ಕದೆ ನೋಡುವುದು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತ ಕಿರಿಯ ಅಧಿಕಾರಿ. ಈ ಕಸುಬಿನಲ್ಲಿ ಯಾವುದಕ್ಕೆ ಗೌರವ ಸಿಗುತ್ತದೆ ಎಂದು ಆತ ಅಲ್ಲಿ ಕಲಿಯುತ್ತಾನೆ. ಬಣ್ಣ ಬಳಿದವನಿಗೆ ಹಾರ ಬಿದ್ದರೆ ನಾಳೆ ಆತನೂ ಬಣ್ಣದ ಡಬ್ಬಿ ಹಿಡಿಯುತ್ತಾನೆ. ಗ್ರೆನ್‌ಫೆಲ್‌ನ ನಿವಾಸಿಗಳ ದೂರನ್ನು ಎತ್ತಿ ಹಿಡಿಯುವ ಒಬ್ಬ ಅಧಿಕಾರಿ ಆ ಕಚೇರಿಯಲ್ಲಿದ್ದಿದ್ದರೆ, ಅಂಥವನನ್ನು ಗೌರವಿಸುವ ರೂಢಿ ಆತನ ವೃತ್ತಿಯಲ್ಲಿ ಮೊದಲೇ ಬೇರೂರಿದ್ದರೆ, ಎಷ್ಟು ಜೀವಗಳು ಉಳಿಯುತ್ತಿದ್ದವೋ ಯಾರು ಬಲ್ಲರು?